ರಾತ್ರಿ ಪಾಳಿಯ ಜ್ವರ

ಕೆಲವರ ಮನೆಗೆ ನೆಂಟರು ಬಂದು ಹೋಗುತ್ತಿರುತ್ತಾರೆ. ನಮ್ಮ ಮನೆಗೆ ಎಡವಟ್ಟುಗಳು ಬರುತ್ತವೆ, ಹೋಗುವುದಿಲ್ಲ. ಈ ಸಲ ಬಂದದ್ದು ಜ್ವರ. ನಾನು ಗುಬ್ಬಿಯಲ್ಲಿ ಗುಮಾಸ್ತ; ಮನೆ ನಿಟ್ಟೂರಿನಲ್ಲಿ, ಒಂದಿಷ್ಟು ತೆಂಗು, ಎರಡು ಹಸು. ರಾತ್ರಿ ಎಂಟಕ್ಕೆ ಚಳಿ, ಹತ್ತಕ್ಕೆ ಜ್ವರ, ಬೆಳಗಾದರೆ ಆಫೀಸಿಗೆ ಹೋಗುವಷ್ಟು ಆರೋಗ್ಯ. ಮೂರು ವಾರದಲ್ಲಿ ಪ್ಯಾಂಟು ಸಡಿಲವಾಯಿತು. ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ನನಗೂ ನನ್ನ ಹೆಂಡತಿಗೂ ಭಯ.

ಇಸ್ತ್ರಿ ಶರ್ಟು

ತುಮಕೂರಿನ ದೊಡ್ಡ ಡಾಕ್ಟರ ಹತ್ತಿರ ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ.

"ಜ್ವರ ಎಲ್ರೀ?"

"ರಾತ್ರಿ ಬರುತ್ತೆ ಸಾರ್."

"ಏನ್ ಕೆಲ್ಸ? ಮನೇಲಿ ದನ ಕರು ಇದಾವಾ?"

ಸೆಗಣಿ ವಾಸನೆ ಹೊಡೆಯುತ್ತಿದೆಯೇನೋ ಎಂದು ಹೆದರಿದೆ. "ಇಲ್ಲ ಸಾರ್, ಆಫೀಸು" ಅಂದುಬಿಟ್ಟು, ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡೆ.

ಚಾರ್ಟು

ಹತ್ತು ದಿನ ರಾತ್ರಿ ಜ್ವರ ಅಳೆದು ಬರೆಯಿರಿ ಎಂದರು. ಹೆಂಡತಿ ಗೆರೆ ಎಳೆದು ಮುದ್ದಾಗಿ ಬರೆದಳು. ಡಾಕ್ಟರು ನೋಡಿ, "ಎಲ್ಲಾ ನಾರ್ಮಲ್ ಇದ್ಯಲ್ಲಮ್ಮಾ!" ಅಂದರು.

"ಮಾತ್ರೆ ಕೊಟ್ಟು, ಬೆವರಿಳಿದ ಮೇಲೇ ನೋಡ್ತಿದ್ದೆ ಸಾರ್. ನೂರಾಮೂರು ಅಂತ ಬರ್ಕೊಂಡು ಬಂದ್ರೆ, ಗಂಡನ್ನ ನೋಡ್ಕೊಳ್ಳೋದು ಹಿಂಗೇನಾ ಅಂತ ನೀವು ಬೈಯಲ್ವಾ?"

ಕುಣಿಗಲ್ ಅಕ್ಕ

ರಕ್ತಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ. ಸುದ್ದಿ ತಿಳಿದು ಕುಣಿಗಲ್‌ನಿಂದ ಅಕ್ಕ ಬಂದಳು.

"ಹುಣಿಸೇಮರದ ಕೆಳಗೆ ನಿಂತಿದ್ಯೇನ್ಲಾ?"

"ಬಸ್ ನಿಲ್ಲೋದೇ ಅಲ್ಲಿ ಕಣಕ್ಕಾ."

ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿ ಬೀದಿಗೆ ಬಿದ್ದೆವು. "ಘಾಟು ಬಂತು, ದೃಷ್ಟಿ ಅಲ್ಲ ಬುಡು" ಎಂದು ಕೈ ತೊಳೆದಳು. ಅವಳ ಟೆಸ್ಟೂ ನಾರ್ಮಲ್.

ಕೊಟ್ಟಿಗೆಯ ತಪಾಸಣೆ

ಅಷ್ಟರಲ್ಲಿ, ನನಗೆ ಜ್ವರ ಶುರುವಾಗುವ ಮುಂಚೆ ಮೊದಲನೇ ಹಸು ಮಾಡಿದ್ದಂತೆಯೇ, ಎರಡನೇ ಹಸುವೂ ದಿನ ತುಂಬುವ ಮುಂಚೆ ಕಂದು ಹಾಕಿತು. ದನದ ಡಾಕ್ಟರು ಬಂದು ಹಸುವಿನ ರಕ್ತ ತೆಗೆದುಕೊಂಡರು.

"ಮೊದಲ್ನೇ ಹಸು ಕಂದು ಹಾಕಿದಾಗ ಕರು, ಮಾಸು ಎಲ್ಲಾ ತೆಗ್ದಿದ್ದು ಯಾರು?"

"ನಾನೇ ಸಾರ್, ಬರಿಗೈಲಿ."

"ರಾತ್ರಿ ಜ್ವರ ಬರುತ್ತಾ? ಬೆವರು? ಕೀಲುನೋವು?"

ಹೆಂಡತಿ ಚೊಂಬು ಕೆಳಗಿಟ್ಟು ಅಲ್ಲೇ ಕುಕ್ಕರಿಸಿದಳು.

"ಹಸುವಿಂದ ಬಂದಿರ್ಬೇಕು. ಬ್ರುಸೆಲ್ಲಾ ಅಂತ ಟೆಸ್ಟಿದೆ, ತುಮಕೂರಲ್ಲಿ ಹೇಳಿ ಮಾಡ್ಸಿ. ವಾಸಿಯಾಗುತ್ತೆ, ಹೆದರ್ಬೇಡಿ."

ಮಾಡಿಸಿದೆವು. ಅದೇ ಬಂತು. ಆರು ವಾರ ಮಾತ್ರೆ ಎಂದರು ತುಮಕೂರಿನ ಡಾಕ್ಟರು. ಸಾಯುವ ಕಾಯಿಲೆಯಲ್ಲ ಎಂದು ಹೆಂಡತಿ ಅವರೆದುರೇ ಗಳಗಳ ಅತ್ತಳು.

"ದನ ಇಲ್ಲ ಅಂದಿದ್ರಲ್ರೀ! ಹೋಗ್ಲಿ, ಈ ಟೆಸ್ಟ್ ಮಾಡ್ಸಿ ಅಂತ ನಿಮಗೆ ಹೇಳಿದ್ದು ಯಾವ ಸ್ಪೆಷಲಿಸ್ಟು?"

"ನಮ್ಮೂರ ದನದ ಡಾಕ್ಟ್ರು ಸಾರ್."

ಬೈತಾರೆ ಎಂದುಕೊಂಡೆ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ದನಿ ತಗ್ಗಿಸಿ ಕೇಳಿದರು:

"ಅವ್ರ ನಂಬರ್ ಕೊಡ್ರೀ. ನಮ್ಮತ್ತೆಗೆ ಮೂರು ತಿಂಗಳಿಂದ ಮಂಡಿನೋವು, ಏನೂಂತಾನೇ ಗೊತ್ತಾಗ್ತಿಲ್ಲ."