‘ಇಲ್ಲ’ ಅಂದರೂ ಹೌದು

ಹೌದೋ ಇಲ್ಲವೋ ಎಂದು ಕೇಳಿದರೆ ನಮ್ಮ ಕಡೆ ಎರಡರಲ್ಲಿ ಒಂದನ್ನು ಹೇಳಿ ಸುಮ್ಮನಾಗುವವರು ಕಡಿಮೆ. ಬೀದರಿನ ಸಣ್ಣ ಆಫೀಸೊಂದರಲ್ಲಿ ಮನೆ ಸಮೀಕ್ಷೆಯ ಮಾಹಿತಿಯನ್ನು ಕಂಪ್ಯೂಟರಿಗೆ ಹೊಂದಿಸುವುದು ನನ್ನ ಕೆಲಸ. ಊರಿನೊಳಗೆ ಮನೆ, ಮನೆಯೊಳಗೆ ಮಂದಿ, ಒಬ್ಬೊಬ್ಬರೊಳಗೆ ಅವರ ಆರೋಗ್ಯ, ಹೀಗೆ ಡಬ್ಬಿಯೊಳಗೆ ಡಬ್ಬಿ. ಅಲ್ಲಿ ಅಕ್ಷರದಲ್ಲಿ ಬರೆದದ್ದನ್ನೆಲ್ಲ ನಾನು ಹೌದು, ಇಲ್ಲ ಎಂಬ ಎರಡೇ ಗುರುತಿಗೆ ಇಳಿಸಬೇಕು. ಹಾಗಾಗಿ ವಾರಕ್ಕೊಂದಾದರೂ ಇಂಥ ಫಜೀತಿ ಆಗಿಯೇ ಆಗುತ್ತದೆ.

೧. ಭಾಲ್ಕಿಯ ಶೌಚಾಲಯ

‘ಮನೆಯಲ್ಲಿ ಶೌಚಾಲಯ ಇದೆಯೇ?’ ಎಂಬುದಕ್ಕೆ ಭಾಲ್ಕಿಯ ಒಂದು ಮನೆಯ ಉತ್ತರ ‘ಅದ, ಆದ್ರ ಇಲ್ಲ’ ಎಂದಿತ್ತು. ಸಮೀಕ್ಷೆ ಮಾಡಿದ ಅಕ್ಕನಿಗೆ ಫೋನ್ ಹಚ್ಚಿದೆ.

“ಎರಡೂ ಹ್ಯಾಂಗ ಬರದೀರಿ ಅಕ್ಕಾ?”

“ಬಾಗಿಲಾ ಅದ, ಚಿಲಕಾ ಅದ. ಒಳಗ ಆಡು ಕಟ್ಯಾರ್ರಿ.”

“ಹಂಗಾರ ಅದನ್ನ ಯಾರೂ ಬಳಸಂಗಿಲ್ಲ ಅಂತ ಹಾಕ್ಲೇನು?”

“ಸುಳ್ಳು ಯಾಕ ಹಾಕ್ತೀರಿ? ಆಡು ದಿನಾ ಬಳಸ್ತಾವ. ಮಂದಿ ಅಷ್ಟೇ ಹೊರಗ ಹೋಗ್ತಾರ.”

೨. ಯಜಮಾನರು ಯಾರು

ಬೀದರಿನ ಹಳೇ ಊರಿನ ಒಂದು ಮನೆಯ ಹಾಳೆಯಲ್ಲಿ ಯಜಮಾನರ ಖಾನೆ ಖಾಲಿ ಉಳಿದಿತ್ತು. ನಾನೇ ಹೋದೆ. ಬಿದರಿ ಕೆಲಸದ ಚಾಚಾ ಹೂಜಿಯೊಂದಕ್ಕೆ ಬೆಳ್ಳಿ ಎಳೆ ಕೂರಿಸುತ್ತ ಕುಳಿತಿದ್ದರು.

“ಮನಿ ಯಜಮಾನರು ನೀವೇ ಏನ್ರಿ ಚಾಚಾ?”

ಅವರು ಕೈಲಿದ್ದ ಉಳಿ ಕೆಳಗಿಟ್ಟು ಒಳಗಿನ ಪರದೆಯ ಕಡೆ ನೋಡಿದರು. ಪರದೆಯ ಹಿಂದಿನಿಂದ ಚಾಚಿಯ ದನಿ ಬಂತು: “ಹೌ ಬೋಲೋ.” ಹೌದು ಅನ್ನಿ ಎಂದರ್ಥ.

ಚಾಚಾ ನನ್ನ ಕಡೆ ತಿರುಗಿದರು. “ಹೌದು ಅಂತ ಬರಕೊಳ್ರಿ. ಮಾಲೀಕರು ಒಪ್ಯಾರ.”

೩. ಔರಾದ್ ಕಡೆಯ ಅಜ್ಜ

ಇದರಲ್ಲಿ ತಪ್ಪು ನನ್ನದೇ. ಹೊರಗಿನ ಡಬ್ಬಿಗಳ ಅಕ್ಷರವನ್ನೆಲ್ಲ ಸರಿಯಾಗಿ ಗುರುತಿಗೆ ಬದಲಿಸಿದ್ದೆ. ತೀರ ಒಳಗಿನ ಡಬ್ಬಿಯಲ್ಲಿ ‘ಇಲ್ಲ’ ಎಂಬ ಅಕ್ಷರ ಹಾಗೇ ಉಳಿದಿತ್ತು. ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಖಾಲಿ ಖಾನೆ ಎಂದರೆ ಇಲ್ಲ, ಏನು ಬರೆದಿದ್ದರೂ ಹೌದು. ಆ ಖಾನೆಯ ಪ್ರಶ್ನೆ: ‘ಗರ್ಭಿಣಿಯೇ?’

ಔರಾದ್ ಕಡೆಯ ಹಳ್ಳಿಗಳಲ್ಲಿ ‘ಇಲ್ಲ’ ಎಂದ ಗಂಡಸರೆಲ್ಲ ಬಸುರಾದರು. ನಾನು ನೋಡುವ ಹೊತ್ತಿಗೆ ಪಟ್ಟಿ ನರ್ಸುಗಳ ಕೈ ಸೇರಿತ್ತು. ಸಾಹೇಬರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ತಿಳಿದಿದ್ದೆ.

ಮೂರನೇ ದಿನ ಚಿಂತಾಕಿಯ ಕುರಿ ಕಾಯುವ ಅಜ್ಜ ಆಫೀಸಿಗೆ ಬಂದ. ಎಪ್ಪತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಕಂಬಳಿ.

“ಯವ್ವಾ, ನಾ ಬಸುರಿ ಅಂತ ಬರದಾಕಿ ನೀನೇ ಏನು?”

“ತಪ್ಪಾಗ್ಯದ ಅಜ್ಜಾ. ಈಗೇ ತಿದ್ತೇನಿ.”

“ತಡಿ,” ಎಂದು ಅಜ್ಜ ಕುರ್ಚಿ ಎಳೆದು ಕೂತ. “ನರ್ಸಬಾಯಿ ಮನಿಗಿ ಬಂದು ನಕ್ಕೋತ ಪಟ್ಟಿ ಓದಿದಳು. ಭಾರಾ ಎತ್ತಬಾರದು, ಬಿಸಲಾಗ ತಿರಗಬಾರದು, ಬಯಸಿದ್ದು ತಿನಬೇಕು ಅಂತ. ಸೊಸ್ತೇರಿಗಿ ಅದೇ ಚ್ಯಾಷ್ಟಿ ಆಗ್ಯದ. ಕುರಿ ಹಿಂದ ಮಗನ್ನ ಕಳಸ್ಯಾರ. ಮುಂಜಾನೆದ್ದು ‘ಏನ್ ತಿನ್ನಂಗ ಆಗ್ಯದ ಮಾವಾ’ ಅಂತ ಕೇಳ್ತಾರ. ನಿನ್ನಿ ಹೋಳಿಗಿ ಅಂದೆ. ಮಾಡಿದ್ರು.”

“ಮತ್ತ ಇಷ್ಟು ದೂರ ಯಾಕ ಬಂದಿ ಅಜ್ಜಾ?”

ಅಜ್ಜ ಮುಂದೆ ಬಾಗಿ ದನಿ ತಗ್ಗಿಸಿದ.

“ನೀ ಅವಸರ ಮಾಡಿ ತಿದ್ದಿಗಿದ್ದೀ ಅಂತ ಹೇಳ್ಲಾಕ ಬಂದೆ. ಏಳನೇ ತಿಂಗಳಾಗ ಬಸುರಿಗಿ ಮಾಡೋ ಕುಬಸದ ಊಟ ಆಗಲಿ, ಆಮ್ಯಾಲ ‘ಇಲ್ಲ’ ಅಂತ ಬರಿ.”