ಹಾಯಿದೋಣಿಗೆ ಹೊತ್ತ ಹರಕೆ

ಕೆಲವರಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಇರುತ್ತದೆ. ಅಂಥವರು ಪುಣ್ಯವಂತರು, ಎದ್ದು ಎಲ್ಲಿಗಾದರೂ ಹೋಗಿಬಿಡುತ್ತಾರೆ. ನನ್ನದು ಅದಕ್ಕಿಂತ ಕೆಟ್ಟದ್ದು. ಕೂತ ಜಾಗದಿಂದ ಏಳದೆಯೇ ಚಡಪಡಿಸುವ ಕಾಯಿಲೆ. ಹುಣಸೂರಿನ ಬಜಾರಿನಲ್ಲಿ ನನ್ನದೊಂದು ಹಗ್ಗದ ಅಂಗಡಿ. ದನ ಕಟ್ಟುವ ಹಗ್ಗ, ಬಾವಿ ಹಗ್ಗ, ಹೊಗೆಸೊಪ್ಪು ಕಟ್ಟುವ ದಾರ, ಟಾರ್ಪಾಲು, ಇಷ್ಟರ ನಡುವೆ ಒಂದು ಸ್ಟೂಲು, ಅದರ ಮೇಲೆ ನಾನು. ಸಮುದ್ರವನ್ನು ಕಣ್ಣಾರೆ ನೋಡಿಲ್ಲ. ನಮ್ಮ ಲಕ್ಷ್ಮಣತೀರ್ಥ ನದಿ ಬೇಸಿಗೆಯಲ್ಲಿ ಪಾದ ನೆನೆಸಿಕೊಳ್ಳುವುದಕ್ಕೂ ಗೊಣಗುತ್ತದೆ. ಆದರೂ ಆ ಸ್ಟೂಲಿನ ಮೇಲೆ ಕೂತೇ ನಾನು ಎರಡು ಮಹಾಸಾಗರ ದಾಟಿದ್ದೇನೆ ಎಂದರೆ ನೀವು ನಗಬಾರದು. ನನ್ನ ಹೆಂಡತಿ ಸರೋಜ ನಗುವಷ್ಟು ನಕ್ಕಾಗಿದೆ.

ಶುರುವಾದದ್ದು ಒಂದು ಗಂಟಿನಿಂದ. ನೈಲಾನ್ ಹಗ್ಗಕ್ಕೆ ಹಾಕಿದ ಗಂಟು ಜಾರುತ್ತದೆ ಎಂದು ಗಿರಾಕಿಯೊಬ್ಬರು ಜಗಳಕ್ಕೆ ಬಂದರು. ಜಾರದ ಗಂಟು ಯಾವುದು ಎಂದು ಫೋನಿನಲ್ಲಿ ಹುಡುಕಿದೆ. ಫೋನು ಒಬ್ಬ ನಾವಿಕನನ್ನು ತೋರಿಸಿತು. ಅವನು ಗಂಟು ಹಾಕಿ ತೋರಿಸಿದ, ನಾನೂ ಕಲಿತೆ. ಅಲ್ಲಿಗೆ ಫೋನನ್ನು ಜೇಬಿಗೆ ಇಳಿಸಿದ್ದರೆ ನನ್ನ ತಲೆ ಈಗಿನಂತೆ ಇರುತ್ತಿರಲಿಲ್ಲ. ಗಂಟು ಮುಗಿದ ಮೇಲೆ ಹಾಯಿ ಬಂತು, ಹಾಯಿ ಆದ ಮೇಲೆ ದೋಣಿ, ದೋಣಿಯ ಹಿಂದೆ ಬಿರುಗಾಳಿ. ದೋಣಿಯನ್ನೇ ಮನೆ ಮಾಡಿಕೊಂಡು ದೇಶ ದೇಶ ತಿರುಗುವ ಗಂಡ ಹೆಂಡಿರು ಇದ್ದಾರೆ, ಅವರು ತಮ್ಮ ಪಯಣವನ್ನೆಲ್ಲ ಚಿತ್ರೀಕರಿಸಿ ವಾರವಾರ ಹಾಕುತ್ತಾರೆ ಎಂದು ತಿಳಿದದ್ದು ಹಾಗೆ.

ಇದರಿಂದ ಮೊದಲು ಹಾಳಾದದ್ದು ಸಿನಿಮಾ. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಹಡಗಿನ ಸಿನಿಮಾ ಹಾಕಿದರೆ ಮನೆಯವರೆಲ್ಲ ಬಿರುಗಾಳಿ ನೋಡುತ್ತಾರೆ, ನಾನು ತಪ್ಪು ಹುಡುಕುತ್ತೇನೆ. ಆಕಾಶ ಕಪ್ಪಾಗಿದೆ, ಅಲೆ ಮನೆಯೆತ್ತರ ಏಳುತ್ತಿದೆ, ಆದರೆ ಕಪ್ತಾನ ಎಲ್ಲ ಹಾಯಿಗಳನ್ನೂ ಪೂರ್ತಿ ಬಿಚ್ಚಿಟ್ಟು ಎದೆಯುಬ್ಬಿಸಿ ನಿಂತಿದ್ದಾನೆ. ಗಾಳಿ ಜೋರಾಗುತ್ತದೋ ಏನೋ ಎಂಬ ಅನುಮಾನ ಬಂದ ಕೂಡಲೇ ಹಾಯಿಯನ್ನು ಮಡಚಿ ಚಿಕ್ಕದು ಮಾಡಬೇಕು, ಜೋರಾದ ಮೇಲೆ ಮಾಡುತ್ತೇನೆಂದರೆ ಆಗುವುದಿಲ್ಲ. ಇನ್ನು ನಾಯಕ ಚುಕ್ಕಾಣಿಯ ಚಕ್ರವನ್ನು ಗರಗರ ತಿರುಗಿಸುತ್ತಾನೆ, ಹಡಗು ಮಾತ್ರ ನೆಟ್ಟಗೆ ಹೋಗುತ್ತಿರುತ್ತದೆ. ಗಾಳಿ ಹಿಂದಿನಿಂದ ಬೀಸಿ ಹಾಯಿ ಮುಂದಕ್ಕೆ ಉಬ್ಬಿದೆ, ಆದರೆ ನಾಯಕಿಯ ಕೂದಲು ಹಿಂದಕ್ಕೆ ಹಾರುತ್ತಿದೆ. ಅದೆಂಥ ಗಾಳಿ ಅದು? ಯಾರೋ ಮುಂದೆ ಫ್ಯಾನು ಹಿಡಿದು ನಿಂತಿದ್ದಾರೆ. ನಾನು ಇದನ್ನೆಲ್ಲ ಜೋರಾಗಿಯೇ ಹೇಳುತ್ತೇನೆ. ಸರೋಜ ಒಮ್ಮೆ ರಿಮೋಟನ್ನು ನನ್ನ ಮಡಿಲಿಗೆ ಎಸೆದು, "ಸಿನಿಮಾ ನೋಡ್ತಿದ್ದೀರೋ, ಪರೀಕ್ಷೆ ಪೇಪರ್ ತಿದ್ತಿದ್ದೀರೋ? ಆ ಹುಡುಗಿ ಸಾಯೋ ಹೊತ್ನಲ್ಲಿ ಅವಳ ಕೂದ್ಲು ನೋಡ್ತೀರಲ್ಲ, ಎಂಥೋರ್ರೀ ನೀವು" ಎಂದಳು.

ಕೂದಲಿನ ವಿಷಯದಲ್ಲಿ ನನ್ನ ಕಣ್ಣು ಸ್ವಲ್ಪ ಚುರುಕು, ಒಪ್ಪಿಕೊಳ್ಳುತ್ತೇನೆ. ನನ್ನ ವಯಸ್ಸಿನವರಲ್ಲಿ ತಲೆತುಂಬ ಕೂದಲು ಇಟ್ಟುಕೊಂಡವನು ಬಜಾರಿನಲ್ಲಿ ನಾನೊಬ್ಬನೇ. ನನ್ನ ಭಾವಮೈದುನರ ತಲೆಗಳೆಲ್ಲ ಖಾಲಿಯಾಗಿ ವರ್ಷಗಳಾದವು. ಬಾಚಣಿಗೆ ನನ್ನ ಜೇಬಿನಲ್ಲೇ ಇರುತ್ತದೆ.

ಸರೋಜ ಕೈಬಿಟ್ಟ ಮೇಲೆ ನನಗೆ ಜೊತೆಯಾದವಳು ಅವ್ವ. ಅಂಗಡಿಯ ಹಿಂದೆಯೇ ಮನೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾಫಿ ತಂದವಳು ನನ್ನ ಹೆಗಲ ಮೇಲಿಂದ ಫೋನು ನೋಡಿದಳು. ನೀಲಿ ನೀರು, ಬಿಳಿ ಹಾಯಿ, ಕೆಂಚುಗೂದಲ ಒಬ್ಬ ಹುಡುಗಿ, ಗಡ್ಡದ ಒಬ್ಬ ಗಂಡಸು. "ಇವ್ರು ಯಾವೂರೋರು?" ಎಂದಳು. ಗೊತ್ತಿಲ್ಲ ಎಂದೆ. "ದೋಣಿಗೆ ಯಾಕೆ ಓದ್ರು? ಮನೇಲಿ ಜಗಳವಾ?" ಅದೂ ಗೊತ್ತಿಲ್ಲ ಎಂದೆ. ಅವ್ವ ದಾರದ ಮೂಟೆಯ ಮೇಲೆ ಕೂತಳು. ಅಂದು ಕೂತವಳು ದಿನಾ ಕೂತಳು. ಹುಡುಗಿಗೆ ಕೆಂಪಿ ಎಂದೂ ಗಂಡಸಿಗೆ ಗಡ್ಡಪ್ಪ ಎಂದೂ ಹೆಸರಿಟ್ಟಳು. ಅವರು ಏನು ಉಂಡರು, ಎಷ್ಟು ಹೊತ್ತು ಮಲಗಿದರು ಎಂಬುದೆಲ್ಲ ಅವಳಿಗೆ ಬೇಕು. ಹಾಯಿ ಮಡಚುವುದನ್ನು ನಾನು ವಿವರಿಸಲು ಹೊರಟರೆ, "ನಾಟಿಗೆ ಇಳಿಯೋವಾಗ ಸೀರೆ ಎತ್ತಿ ಕಟ್ಕೊಳಲ್ವಾ, ಅಂಗೆ ಕಣ, ಗೊತ್ತು ಬುಡು" ಎನ್ನುವಳು. ಎದುರುಗಾಳಿಗೆ ದೋಣಿ ನೇರ ಹೋಗದೆ ಓರೆ ಓರೆಯಾಗಿ ಹೋಗುವುದೂ ಅವಳಿಗೆ ಬೇಗ ತಿಳಿಯಿತು. ಒಂದೇ ವಿಷಯಕ್ಕೆ ಅವಳಿಗೆ ಸಿಟ್ಟು. ದೋಣಿಯ ಮೇಲೆ ಓಡಾಡುವಾಗ ನೀರಿಗೆ ಬೀಳದಂತೆ ನಡುಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಳ್ಳಬೇಕು. ಕೆಂಪಿ ಎಷ್ಟೋ ಸಲ ಹಾಗೇ ಎದ್ದು ಹೋಗುತ್ತಿದ್ದಳು. "ಅಗ್ಗ ಸಿಕ್ಸ್ಕೊಳೇ ಮೊಗ" ಎಂದು ಅವ್ವ ಫೋನಿಗೆ ಗದರುವಾಗ ಅಂಗಡಿಗೆ ಬಂದವರು ನನ್ನ ಮುಖ ನೋಡುತ್ತಿದ್ದರು.

ಅವ್ವನಿಗೆ ನೀರೆಂದರೆ ಭಯ. ಅವಳ ತವರು ಎಚ್.ಡಿ. ಕೋಟೆ ಕಡೆ, ಕಬಿನಿ ಅಣೆಕಟ್ಟೆ ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿದ ಊರು. ಊರಿನವರು ಮಾರಮ್ಮನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಎತ್ತರದ ಜಾಗಕ್ಕೆ ಬಂದು, ಅಲ್ಲೇ ಗುಡಿ ಕಟ್ಟಿಕೊಂಡರು. ಆ ಅಮ್ಮನ ಮೇಲೆ ಅವ್ವನಿಗೆ ತವರಿನವಳೆಂಬ ಸಲುಗೆ.

ಹೀಗಿರುವಾಗ ಒಂದು ವಾರ ಎದೆ ಝಲ್ಲೆನ್ನುವಂಥದ್ದು ನಡೆಯಿತು. ಸಾಗರದ ನಟ್ಟನಡುವೆ ಗಡ್ಡಪ್ಪ ದೋಣಿಯ ಕಂಬವನ್ನು ಎಳೆದು ಹಿಡಿದಿರುವ ತಂತಿಹಗ್ಗವನ್ನು ತೋರಿಸಿದ. ಅದರ ಎಳೆಗಳು ಒಂದೊಂದಾಗಿ ಕಿತ್ತು ನಿಂತಿದ್ದವು. ಆ ತಂತಿ ಹೋದರೆ ಕಂಬ ಬೀಳುತ್ತದೆ, ಕಂಬ ಬಿದ್ದರೆ ಹಾಯಿಯಿಲ್ಲ, ಹಾಯಿಯಿಲ್ಲದಿದ್ದರೆ ಸುತ್ತ ನೀರು ಬಿಟ್ಟು ಏನೂ ಇಲ್ಲ. ಅಷ್ಟು ತೋರಿಸಿ ವಿಡಿಯೊ ಮುಗಿಯಿತು. ಮುಂದಿನ ವಾರ ಹೊಸದು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನನ್ನ ಚಡಪಡಿಕೆ ಯಾವ ಮಟ್ಟಕ್ಕೆ ಹೋಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಹೊಗೆಸೊಪ್ಪು ಬೇಯಿಸುವ ಕಾಲ. ಊರಾಚೆ ಸೊಪ್ಪು ಬೇಯಿಸುವ ಬ್ಯಾರನ್ನುಗಳ ಚಿಮಣಿಗಳಿಂದ ಹೊಗೆ ಏಳುತ್ತದೆ. ನಾನು ಬೆಳಗಾದರೆ ಬಾಗಿಲಿಗೆ ಬಂದು ಆ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡುತ್ತಿದ್ದೆ. ದೋಣಿ ಇರುವುದು ಭೂಮಿಯ ಆ ಮಗ್ಗುಲಲ್ಲಿ, ಗಾಳಿ ನೋಡುತ್ತಿರುವುದು ಹುಣಸೂರಿನದು. ಬುದ್ಧಿಗೆ ಗೊತ್ತು, ಕಾಲು ಕೇಳಬೇಕಲ್ಲ. ದಾರ ಕೇಳಿದವರಿಗೆ ಟಾರ್ಪಾಲು ಕೊಟ್ಟೆ. ಸ್ಟೂಲಿನ ಮೇಲೆ ಕೂರುವುದು, ಏಳುವುದು, ಫೋನು ತೆಗೆಯುವುದು, ಒಳಗಿಡುವುದು. ಪಿರಿಯಾಪಟ್ಟಣದ ಕಡೆಯ ಹಳೆಯ ಗಿರಾಕಿ ಸಣ್ಣೇಗೌಡರು, "ಏನ್ ರಾಜಣ್ಣ, ಗಳಿಗೆಗೊಂದ್ಸಲ ಆಚೆ ಬತ್ತೀರಿ, ಯಾರಾದ್ರೂ ಬರ್ಬೇಕಿತ್ತಾ?" ಎಂದು ಕೇಳಿದರು. ಇಬ್ಬರು ಬರಬೇಕಿತ್ತು ಎಂದೆ. ಯಾವ ಬಸ್ಸಿಗೆ ಎಂದರು.

ಅವ್ವನ ಚಡಪಡಿಕೆ ಬೇರೆ ಥರ. ಮಾತು ಕಡಿಮೆಯಾಯಿತು, ಮುದ್ದೆ ಅರ್ಧಕ್ಕೆ ಬಿಟ್ಟಳು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗೆಲುವಾಗಿ, "ಇನ್ನೇನೂ ಆಗಲ್ಲ ಬುಡು, ಅಮ್ಮಂಗೆ ಅರಕೆ ಕಟ್ಕಂಡಿವ್ನಿ" ಎಂದಳು. ಒಳ್ಳೆಯದಾಯಿತು, ಏನು ಹರಕೆ ಎಂದೆ.

"ಮುಡಿ ಕಣ. ಅವ್ರಿಬ್ರೂ ದಡ ಮುಟ್ಟುದ್ರೆ ಮುಡಿ ಕೊಡ್ತೀವಿ ಅಂದಿವ್ನಿ."

"ಯಾರ ಮುಡಿ?"

ಅವ್ವ ನನ್ನ ತಲೆಯನ್ನು ನೋಡಿದಳು. ನಾನು ಬಾಚಣಿಗೆಯನ್ನು ಜೇಬಿನೊಳಕ್ಕೆ ಇನ್ನಷ್ಟು ಒತ್ತಿದೆ.

"ನಿಂದೇ ಕೊಡ್ಬೋದಿತ್ತಲ್ಲವ್ವ."

"ನಂದ್ರಲ್ಲಿ ಏನದೆ? ಅಮ್ಮಂಗೆ ಕೊಡೋವಾಗ ಒಳ್ಳೇದ್ನ ಕೊಡ್ಬೇಕು ಕಣ್ಲಾ."

ಒಲೆಯ ಮುಂದಿದ್ದ ಸರೋಜ ತಿರುಗಿದಳು. "ಮುಂದಿನ ತಿಂಗ್ಳು ಕೆ.ಆರ್. ನಗರದಲ್ಲಿ ನಮ್ಮಣ್ಣನ ಮಗಳ ಮದ್ವೆ ಅದೆ, ಅತ್ತೆ. ಇವ್ರು ಬೋಳ್ ತಲೇಲಿ ಬಂದು ನಿಂತ್ರೆ ಜನ ಏನಂದ್ಕೊತಾರೆ? ಯಾರೋ ಬಿಳೀ ಜನಕ್ಕೆ ನಾವ್ಯಾಕೆ ತಲೆ ಬೋಳಿಸ್ಕೋಬೇಕು?"

"ಬಿಳೀರೋ ಕರೀರೋ, ನೀರು ನೋಡ್ಕಂಡು ಮುಳುಗ್ಸದಾ?" ಎಂದಳು ಅವ್ವ.

ನನ್ನ ಸ್ಥಿತಿಯನ್ನು ಯೋಚಿಸಿ. ಅವರು ಬದುಕಿದ್ದರೆ ನನ್ನ ಕೂದಲು ಹೋಗುತ್ತದೆ. ನನ್ನ ಕೂದಲು ಉಳಿಯಬೇಕಾದರೆ ಅವರು ಮುಳುಗಿರಬೇಕು. ದಿನಾ ಕನ್ನಡಿಯ ಮುಂದೆ ನಿಂತು ಬೈತಲೆ ತೆಗೆಯುವಾಗ, ಇನ್ನೂ ತಲೆತುಂಬ ಕೂದಲಿದೆ ಎಂಬ ಸಂತೋಷವಾಗಬೇಕು, ಅದರ ಬೆನ್ನಿಗೇ ಥೂ ಎನಿಸಬೇಕು. ಬಾಚುವುದನ್ನೇ ಬಿಟ್ಟುಬಿಟ್ಟೆ. ಕೆದರಿದ ತಲೆಯಲ್ಲಿ ಅಂಗಡಿಗೆ ಕೂತು ಫೋನನ್ನು ಉಜ್ಜಿದ್ದೇ ಉಜ್ಜಿದ್ದು.

ಕೊನೆಗೆ ಹಳೆಯ ವಿಡಿಯೊದ ಕೆಳಗೆ ನೋಡುಗರು ಬರೆದಿದ್ದ ಮಾತುಗಳನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಓದುತ್ತ ಹೋದೆ. ಅಲ್ಲೊಬ್ಬ ಬರೆದಿದ್ದ: ಯಾರೂ ಗಾಬರಿಯಾಗಬೇಡಿ, ಇವರು ವಿಡಿಯೊ ಹಾಕುವುದು ತಿಂಗಳುಗಟ್ಟಲೆ ತಡವಾಗಿ, ಈ ಬೇಸಿಗೆಯಲ್ಲೇ ನಮ್ಮೂರ ಬಂದರಿನಲ್ಲಿ, ಸಾಗರ ದಾಟಿ ಬಂದ ಇಬ್ಬರನ್ನೂ ಕಂಡು ಕೈಕುಲುಕಿದ್ದೇನೆ. ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಕಣ್ಣಲ್ಲಿ ನೀರು ಬಂತು, ನಿಜವಾಗಿ ಬಂತು. ಕಣ್ಣೊರೆಸಿಕೊಂಡ ಮರುಗಳಿಗೆಯಲ್ಲೇ ತಲೆಗೆ ಒಂದು ವಕೀಲಿ ಬುದ್ಧಿ ಹೊಳೆಯಿತು. ಅವರು ದಡ ಮುಟ್ಟಿದ್ದು ಬೇಸಿಗೆಯಲ್ಲಿ. ಅವ್ವ ಹರಕೆ ಕಟ್ಟಿಕೊಂಡದ್ದು ಈಗ. ಮುಟ್ಟಿಯಾದ ಮೇಲೆ ಹೊತ್ತ ಹರಕೆಗೆ ಬೆಲೆಯೆಲ್ಲಿ?

ಒಳಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವ್ವ ಎರಡೂ ಕೈಯೆತ್ತಿ ಗೋಡೆಯ ಮೇಲಿನ ದೇವರ ಪಟಕ್ಕೆ ಮುಗಿದಳು. ಆಮೇಲೆ ನಾನು ನನ್ನ ವಾದವನ್ನು ನಿಧಾನವಾಗಿ ಮುಂದಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ಅಮ್ಮ ನಾನು ಕೇಳೋಕ್ಮುಂಚೇನೇ ನಡಸ್ಕೊಟ್ಟವ್ಳೆ ಅನ್ನು."

"ಅದೇ ಅಲ್ವಾ ನಾನು ಹೇಳ್ತಿರೋದು."

"ಮತ್ತೆ ಇಷ್ಟು ದಿನ ತಡ ಮಾಡಿ ಕೂತಿದ್ದೀಯಲ್ಲೋ. ನಾಳೇನೇ ಒಂಟೋಗವ" ಎಂದಳು.

ಹೋದೆವು. ಎಚ್.ಡಿ. ಕೋಟೆಗೆ ಒಂದು ಬಸ್ಸು, ಅಲ್ಲಿಂದ ಆಟೊ. ಗುಡಿಯ ಪಕ್ಕದ ಮರದ ಕೆಳಗೆ ಕ್ಷೌರಿಕ ನನ್ನ ತಲೆಗೆ ನೀರು ತಟ್ಟುತ್ತ, "ಒಳ್ಳೆ ಕೂದ್ಲು ಸಾಮಿ" ಎಂದ. ಅಷ್ಟು ವರ್ಷ ನಾನು ಕೇಳಬಯಸಿದ್ದ ಮಾತು, ಅವನು ಆಡಿದ ಹೊತ್ತು ನೋಡಿ. ಪೂಜೆ ಮುಗಿಸಿ ಅವ್ವ ಹಿನ್ನೀರಿನ ಅಂಚಿಗೆ ನಡೆದಳು. ಗಾಳಿಗೆ ನೀರು ಸಣ್ಣ ಸಣ್ಣ ಅಲೆಯಾಗಿ ಬಂದು ಕಲ್ಲಿಗೆ ಬಡಿಯುತ್ತಿತ್ತು. ನನ್ನ ಬೋಳು ತಲೆಗೆ ಆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಎಂದಿಗಿಂತ ಸ್ಪಷ್ಟವಾಗಿ ಗೊತ್ತಾಯಿತು. ಅವ್ವ ದೂರದಲ್ಲಿ ನೀರಿನ ಒಂದು ಜಾಗಕ್ಕೆ ಕೈತೋರಿ, "ಅಲ್ಲಿ ಕಣ ನಮ್ಮನೆ ಇದ್ದುದ್ದು" ಎಂದಳು. ನನಗೆ ಎಲ್ಲ ನೀರೂ ಒಂದೇ ಥರ ಕಂಡಿತು. "ನಾವು ಬುಟ್ಟು ಬರೋವಾಗ ನಮಗೂ ಯಾರೋ ಗುರ್ತಿಲ್ದೋರು ಅರಕೆ ಹೊತ್ತಿದ್ರೇನೋ. ಇಲ್ದೋದ್ರೆ ಉಳೀತಿದ್ವಾ" ಎಂದಳು. ವಾದಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನಗೆ ಅಲ್ಲಿ ಮರೆತುಹೋದವು. ಅವಳ ಕೈ ಹಿಡಿದುಕೊಂಡು ನಿಂತೆ.

ಆ ಒಳ್ಳೆಯತನ ಹುಣಸೂರಿನ ಬಸ್ ಸ್ಟ್ಯಾಂಡಿನವರೆಗೆ ಉಳಿಯಿತು. ಮಾರನೆಯ ದಿನ ಅಂಗಡಿ ತೆಗೆದರೆ ಬಂದವರೆಲ್ಲ ನನ್ನ ತಲೆ ನೋಡಿ ದನಿ ತಗ್ಗಿಸುತ್ತಾರೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತೆಂದು ಎಲ್ಲರಿಗೂ ಗೊತ್ತು, ಉಳಿದವಳು ಅವ್ವ. ಸಣ್ಣೇಗೌಡರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ಮೂಟೆಯ ಮೇಲೆ ಕೂತು, "ನಮ್ಗೊಂದ್ಮಾತು ತಿಳಿಸ್ಬಾರ್ದಾಗಿತ್ತಾ ರಾಜಣ್ಣ. ಒಳ್ಳೆ ತಾಯಿ, ಬಂದಾಗೆಲ್ಲ ಕಾಫಿ ಕೊಡೋರು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎರಡು ಲೋಟ ಕಾಫಿ ಹಿಡಿದು ಒಳಗಿನಿಂದ ಬಂದಳು. ಗೌಡರು ಎದ್ದು ನಿಂತ ರಭಸಕ್ಕೆ ದಾರದ ಉಂಡೆಗಳು ರಸ್ತೆಯವರೆಗೆ ಉರುಳಿದವು. ಕೆ.ಆರ್. ನಗರದ ಮದುವೆಯಲ್ಲಿ ಇದೇ ಗೋಳಾಗಬಾರದೆಂದು ಸರೋಜ ಅವ್ವನನ್ನು ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದಳು.

ಹೊಸ ವಿಡಿಯೊ ಬಂದದ್ದು ಮದುವೆಯಾದ ಮೇಲೆ. ಅವ್ವ, ನಾನು, ಈ ಸಲ ಸರೋಜಳೂ ಕೂತು ನೋಡಿದೆವು. ಗಡ್ಡಪ್ಪ ಕಂಬವನ್ನು ಗಟ್ಟಿ ಹಗ್ಗದಿಂದ ಬಿಗಿದು, ಹಾಯಿಯನ್ನು ಅರ್ಧಕ್ಕಿಂತ ಚಿಕ್ಕದು ಮಾಡಿ, ಮೆಲ್ಲಗೆ ದೋಣಿ ನಡೆಸಿದ. ಹಗ್ಗ ಕಂಬವನ್ನು ಉಳಿಸಿತು, ಒಬ್ಬ ಹಗ್ಗದ ವ್ಯಾಪಾರಿಗೆ ಅಷ್ಟು ಸಾಕು. ಕೆಂಪಿ ಉದ್ದಕ್ಕೂ ನಡುಪಟ್ಟಿ ಸಿಕ್ಕಿಸಿಕೊಂಡೇ ಓಡಾಡಿದಳು. ಬಂದರು ಬಂತು. ದಡಕ್ಕೆ ಇಳಿದ ಗಡ್ಡಪ್ಪ ನೆಟ್ಟಗೆ ಒಂದು ಕ್ಷೌರದಂಗಡಿಗೆ ಹೋಗಿ, ತಲೆ ಗಡ್ಡ ಎರಡನ್ನೂ ನುಣ್ಣಗೆ ಬೋಳಿಸಿಕೊಂಡು ಆಚೆ ಬಂದ.

ಅವ್ವ ನನ್ನ ತೊಡೆಗೆ ತಟ್ಟಿದಳು. "ನೋಡ್ದಾ? ಅವ್ರವ್ವಾನೂ ಅರಕೆ ಹೊತ್ತಿದ್ಲು."

ಸರೋಜ ನನ್ನ ತಲೆಯನ್ನೊಮ್ಮೆ ಫೋನಿನೊಳಗಿನ ತಲೆಯನ್ನೊಮ್ಮೆ ನೋಡಿ, ನಗು ತಡೆಯಲು ಒಳಗೆ ಹೋದಳು. ವಿಡಿಯೊದ ಕೊನೆಯಲ್ಲಿ ಅವರಿಬ್ಬರೂ ನಕ್ಷೆ ಹರಡಿ, ಮುಂದಿನ ವರ್ಷ ದಾಟಲಿರುವ ಇನ್ನೂ ದೊಡ್ಡ ಸಾಗರವನ್ನು ಬೆರಳಿನಿಂದ ತೋರಿಸಿದರು. "ಏನಂದ್ರು?" ಎಂದು ಅವ್ವ ಕೇಳಿದಳು. ಇನ್ನು ಎಲ್ಲೂ ಹೋಗುವುದಿಲ್ಲವಂತೆ, ಮನೆ ಮಾಡಿಕೊಂಡು ಇರುತ್ತಾರಂತೆ ಎಂದೆ. ಅವ್ವ ನೆಮ್ಮದಿಯಾಗಿ ಲೋಟ ಎತ್ತಿಕೊಂಡು ಎದ್ದಳು.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತವನು ಬ್ಯಾರನ್ನಿನ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ಮತ್ತೆ ನೋಡುತ್ತಿದ್ದೆ. ಕೈ ತಾನಾಗಿ ತಲೆಯ ಮೇಲೆ ಹೋಯಿತು. ಕೂದಲು ಮುಳ್ಳುಮುಳ್ಳಾಗಿ ಚಿಗುರುತ್ತಿದೆ. ಈಗ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಬೇಗ ಬೆಳೆದರೆ ಒಳ್ಳೆಯದು. ಅವರು ಹೊರಡುವ ಹೊತ್ತಿಗೆ ಅಮ್ಮನಿಗೆ ಕೊಡಲು ನನ್ನ ಹತ್ತಿರ ಏನಾದರೂ ಇರಬೇಕಲ್ಲ.