ನಲವತ್ತು ಎಕರೆ ಮತ್ತು ಒಂದು ಕೌದಿ

ಎಲ್ಲಕ್ಕೂ ಕಾರಣ ಗಾಳಿ. ನಮ್ಮೂರು ವಿಲೋ ಕ್ರೀಕಿನಲ್ಲಿ ಟೋಪಿ ಹಾರಿಹೋದರೆ ಯಾರೂ ಹುಡುಕುವುದಿಲ್ಲ, ಪಕ್ಕದ ಜಿಲ್ಲೆಯವನು ಹಾಕಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಅಂಥ ಕಡೆ ಬಯಲಲ್ಲೇ ಸಮಾರಂಭ ಇಟ್ಟರೆ, ಬುಡಕಟ್ಟಿನ ಜಮೀನು ಕಚೇರಿಯ ಗುಮಾಸ್ತ ಡೆಲ್ಬರ್ಟ್ ತಾನೇ ಏನು ಮಾಡಿಯಾನು? ಕೈಗೆ ಬಂದ ಹಕ್ಕುಪತ್ರವನ್ನು ಮೇಜಿನ ಮೇಲಿದ್ದ ನಕ್ಷತ್ರದ ಚಿತ್ತಾರವಿದ್ದ ಕೌದಿಯ ಮಡಿಕೆಯೊಳಗೆ ತೂರಿಸಿ ಫೋಟೋಗೆ ನಿಲ್ಲಲು ಹೋದ.

ಅದೇನು ಅಂತಿಂಥ ಕಾಗದವಲ್ಲ. ಯುದ್ಧದ ಕಾಲದಲ್ಲಿ ಮದ್ದುಗುಂಡು ಇಡಲೆಂದು ಕೇಂದ್ರ ಸರ್ಕಾರ ಕಿತ್ತುಕೊಂಡಿದ್ದ ನಲವತ್ತು ಎಕರೆಯನ್ನು, ತನಗಿನ್ನು ಬೇಡವೆಂದು ಬುಡಕಟ್ಟಿಗೆ ಮರಳಿಸುವ ಪತ್ರ. ಇದಕ್ಕಾಗಿ ಡೆಲ್ಬರ್ಟ್ ಹನ್ನೊಂದು ವರ್ಷ ಅರ್ಜಿ ತುಂಬಿದ್ದ. ಅವನ ಅಜ್ಜಿ ಕೊರ್ಡೀಲಿಯಾಳ ಕಾಡುಚೆರ್ರಿ ಪೊದೆಗಳೆಲ್ಲ ಆ ಜಮೀನಿನಲ್ಲೇ ಇವೆ. ತೊಂಬತ್ತೊಂದರ ಅಜ್ಜಿ ಈಗಲೂ ಪ್ರತಿ ಬೇಸಿಗೆಯಲ್ಲಿ ಮುಳ್ಳುತಂತಿಯಡಿ ನುಸುಳಿ, ಸ್ವಂತ ಹಣ್ಣನ್ನು ಕದ್ದು ಕೀಳುತ್ತಾಳೆ. "ಈ ಸಲ ಗೇಟಿಂದಾನೇ ಹೋಗ್ತೀಯ ಅಜ್ಜಿ" ಎಂದು ಮೊಮ್ಮಗ ಮಾತು ಕೊಟ್ಟಿದ್ದ. ಅಸಲು ಪತ್ರ ಅವತ್ತೇ ಸಂಜೆ ಐದರೊಳಗೆ ಪಟ್ಟಣದಲ್ಲಿ ನೋಂದಣಿಯಾಗಬೇಕಿತ್ತು. ತಪ್ಪಿದರೆ ಮಂಜೂರಾತಿ ರದ್ದು.

ಫೋಟೋ ಮುಗಿಸಿ ಬಂದು ನೋಡಿದರೆ ಮೇಜು ಖಾಲಿ.

"ಚಿಕ್ಕಮ್ಮಾ, ಇಲ್ಲಿದ್ದ ಕೌದಿ?"

"ಕೊಟ್ಟೆ" ಎಂದಳು ಇಮೋಜೀನ್ ಚಿಕ್ಕಮ್ಮ. "ನಮ್ಮನೆ ಹುಡುಗ ಜಮೀನು ತಂದಿದಾನೆ. ಕೈ ಬಿಚ್ಚಿ ಕೊಡದೆ ಇದ್ರೆ ಜನ ಏನಂದಾರು?"

ಮನೆಗೆ ಗೌರವ ಸಿಕ್ಕ ದಿನ ಮನೆಯವರೇ ಬಂದವರಿಗೆಲ್ಲ ಉಡುಗೊರೆ ಹಂಚುವುದು ನಮ್ಮಲ್ಲಿ ಪದ್ಧತಿ.

"ಯಾರಿಗೆ ಕೊಟ್ಟೆ?"

"ಆ ಸರ್ಕಾರದ ಸಾಹೇಬ ಪ್ರೆಸ್ಕಾಟ್‌ಗೆ. ಪಾಪ, ಕಣ್ಣಲ್ಲಿ ನೀರು ತಂದ್ಕೊಂಡೇ ಪಟ್ಟಣಕ್ಕೆ ಹೊರಟುಹೋದ."

ಎರಡು ಗಂಟೆಗೆ ಸರ್ಕಾರ ಕೊಟ್ಟ ಜಮೀನನ್ನು ಎರಡೂಕಾಲಿಗೆ ಚಿಕ್ಕಮ್ಮ ಸರ್ಕಾರಕ್ಕೇ ದಾನ ಮಾಡಿದ್ದಳು.

"ಹೋಗಿ ವಾಪಸ್ ಕೇಳ್ತೀನಿ!" ಎಂದು ಡೆಲ್ಬರ್ಟ್ ಹೊರಟೇಬಿಟ್ಟ.

ಕರಿದ ರೊಟ್ಟಿ ತಿನ್ನುತ್ತಿದ್ದವರ ಕೈಗಳು ಬಾಯಿಯ ಹತ್ತಿರವೇ ನಿಂತವು. ಚಿಕ್ಕಮ್ಮ ಎದೆ ಹಿಡಿದುಕೊಂಡಳು. "ಕೊಟ್ಟಿದ್ದನ್ನ ವಾಪಸ್ ಕೇಳೋದಾ? ನಮ್ಮ ವಂಶದಲ್ಲಿ ಯಾರಾದ್ರೂ ಇಂಥ ಮಾತಾಡಿದ್ರೇನೋ?"

ಡೆಲ್ಬರ್ಟನ ತಂಗಿಯ ಗಂಡ ಮರ್ಲ್‌ಗೆ ಎಲ್ಲದಕ್ಕೂ ಒಂದು ಉಪಾಯ ಗೊತ್ತು. "ಕೇಳ್ಬೇಡ ಭಾವ. ನೀನೇ ಇನ್ನೊಂದು ಉಡುಗೊರೆ ಕೊಡು. ಸಾಹೇಬ ಮುಜುಗರಪಟ್ಕೊಂಡು ತಿರುಗಿ ಏನಾದ್ರೂ ಕೊಡ್ಲೇಬೇಕು. ಆಗ ಕೌದೀನೇ ದಿಟ್ಟಿಸ್ತಾ ಕೂತಿರು."

"ಏನು ಕೊಡ್ಲಿ?"

"ಕಾಲಲ್ಲಿ ಹೊಸ ಬೂಟು ಇಲ್ವಾ?"

ಮರ್ಲನ ಪಿಕಪ್ಪಿನಲ್ಲಿ ಅರವತ್ತು ಮೈಲಿ. ಟೈರು ಎರಡು ಸಲ ಪಂಕ್ಚರ್. ಹುಡುಗ ಬಾಯಿಬಿಟ್ಟು ಮಾನ ಕಳೆದಾನೆಂದು ಕಾಯಲು ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ದಳು. ಪಟ್ಟಣದ ಕಚೇರಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು.

ಪ್ರೆಸ್ಕಾಟ್ ಸಾಹೇಬ ಬೂಟುಗಳನ್ನು ಎದೆಗೊತ್ತಿಕೊಂಡ. "ಎಂಥ ಜನ ನೀವು! ಆದ್ರೆ ಉಡುಗೊರೆ ಇಟ್ಕೊಳ್ಳೋಕೆ ನಮಗೆ ಅನುಮತಿ ಇಲ್ಲ. ಬಂದ ತಕ್ಷಣ ಕೌದೀನ ಉಗ್ರಾಣಕ್ಕೆ ಜಮಾ ಮಾಡ್ಬಿಟ್ಟೆ."

ಡೆಲ್ಬರ್ಟನ ಸಂಯಮ ಅಲ್ಲಿಗೆ ಮುಗಿಯಿತು. "ಅದರೊಳಗೆ ಹಕ್ಕುಪತ್ರ ಇದೆ ಸ್ವಾಮಿ!"

ಸಾಹೇಬನ ಮುಖ ಬಿಳಿಚಿಕೊಂಡಿತು. ಬೂಟು ಹಿಡಿದುಕೊಂಡೇ ಉಗ್ರಾಣಕ್ಕೆ ಓಡಿದ. ಉಳಿದವರು ಅವನ ಹಿಂದೆ ಓಡಿದರು.

ಉಗ್ರಾಣದವನು ತಲೆಯೆತ್ತಲಿಲ್ಲ. "ಮಡಿಕೆ ಬಿಚ್ಚದೆ ಸೀಲ್ ಮಾಡಾಯ್ತು. ಈಗದು ಸರ್ಕಾರದ ಆಸ್ತಿ. ಸಾಹೇಬರೂ ಮುಟ್ಟೋ ಹಾಗಿಲ್ಲ."

"ಸರ್ಕಾರಕ್ಕೆ ಕೌದಿ ಯಾಕ್ರೀ ಬೇಕು?" ಎಂದ ಡೆಲ್ಬರ್ಟ್.

"ಬೇಡವೇ ಬೇಡ" ಎಂದು ಅವನು ಮೊದಲ ಸಲ ನಕ್ಕ. "ಬೇಡದ ಆಸ್ತೀನ ಬುಡಕಟ್ಟಿಗೆ ಕೊಡೋಕೆ ಒಂದು ಅರ್ಜಿ ಇದೆ." ಹಳದಿ ನಮೂನೆಯೊಂದನ್ನು ಮುಂದೆ ತಳ್ಳಿದ.

ಓದುವ ಅಗತ್ಯವಿರಲಿಲ್ಲ. ಹನ್ನೊಂದು ವರ್ಷ ತುಂಬಿದ ಅದೇ ಅರ್ಜಿ. ಡೆಲ್ಬರ್ಟ್ ಜೇಬಿನಿಂದ ಪೆನ್ನು ತೆಗೆದ. "ಎಷ್ಟು ಕಾಲ ಹಿಡಿಯುತ್ತೆ?"

"ನಿಮಗೆ ಅಭ್ಯಾಸ ಇದೆಯಲ್ಲ, ಬೇಗ ಆಗ್ಬಹುದು." ಗೋಡೆಯ ಗಡಿಯಾರ ಐದು ಹೊಡೆಯಿತು. ಉಗ್ರಾಣದವನು ಸಾಹೇಬನ ಕೈಯಿಂದ ಬೂಟುಗಳನ್ನು ತೆಗೆದುಕೊಂಡು ಅವಕ್ಕೂ ಚೀಟಿ ಅಂಟಿಸಿದ. "ಇದಕ್ಕೆ ಬೇರೆ ಅರ್ಜಿ."

ಹೊತ್ತು ಮುಳುಗುವಾಗ ಅಜ್ಜಿ ಹೊಸ ಬಕೆಟ್ಟು ಹಿಡಿದು, ಹಬ್ಬದ ಲಂಗ ತೊಟ್ಟು ಗೇಟಿನ ಮುಂದೆ ನಿಂತಿದ್ದಳು. "ನಮ್ದಾಯ್ತೇನೋ?"

ಬರೀ ಕಾಲುಚೀಲದಲ್ಲಿ ನಿಂತ ಡೆಲ್ಬರ್ಟ್ ಬಕೆಟ್ಟಿನ ಕಡೆ ನೋಡಿದ. ಚಿಕ್ಕಮ್ಮನೇ ಹೇಳಿದಳು, "ಇವನು ಜಮೀನೂ ಕೊಟ್ಟ, ಬೂಟೂ ಕೊಟ್ಟ, ಅಮ್ಮ."

ಅಜ್ಜಿ ಮೊಮ್ಮಗನ ಕಾಲು ನೋಡಿದಳು. "ಕೊಡುಗೈ ಕಣೋ ನಿಂದು, ನಿಮ್ಮ ತಾತನ ಹಾಗೇ" ಎಂದಳು. ಆಮೇಲೆ ಗೇಟು ಬಿಟ್ಟು ಬೇಲಿಯ ಕಡೆ ನಡೆದು, ಲಂಗ ಎತ್ತಿ ಕಟ್ಟಿ ಮಂಡಿಯೂರಿದಳು.

"ಬಾ, ತಂತಿ ಎತ್ತಿ ಹಿಡಿ. ಮುಳ್ಳು ನೋಡ್ಕೋ, ಕಾಲಲ್ಲಿ ಬೂಟಿಲ್ಲ."